ಡಾಕ್ಟ್ರಮ್ಮನ ಉತ್ತರ: ಕೋಳಿಗೆ ಅರಿಶಿನ, ಬೆಳ್ಳುಳ್ಳಿ ಎಷ್ಟರ ಮಟ್ಟಿಗೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೋಳಿಗಳದ್ದೇ. ಅದರಲ್ಲೂ ಗಿಡಮೂಲಿಕೆ ಬಗ್ಗೆ. ಮಳೆ ಹಿಡಿದುಕೊಂಡಿದೆ, ಮರಿಗಳು ಸೊರಗುತ್ತಿವೆ, ಅಂಗಡಿಯ ಔಷಧಿಗೆ ಹೆದರಿಕೆ, ಅಡುಗೆಮನೆಯಲ್ಲೇ ಏನಾದರೂ ಸಿಗುತ್ತದಾ ಅನ್ನುವ ಹುಡುಕಾಟ. ಹಾಗಾಗಿ ಹಸು, ಎಮ್ಮೆಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವತ್ತು ಪೂರ್ತಿ ಕೋಳಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಅರವತ್ತು ಗಿರಿರಾಜ ಮರಿ ತಂದು ಸಾಕುತ್ತಿದ್ದೇನೆ. ಈಗ ಒಂದು ತಿಂಗಳಾಯಿತು. ಮಳೆ ಜೋರಾದ ಮೇಲೆ ಹಿಕ್ಕೆಯಲ್ಲಿ ರಕ್ತ ಬರುತ್ತಿದೆ. ಎಂಟು ಮರಿ ಸತ್ತಿವೆ. ಅರಿಶಿನ, ಬೆಳ್ಳುಳ್ಳಿ ಅರೆದು ಮೇವಿಗೆ ಕಲಸಿ ಕೊಡು, ಸಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಸಾಕಾಗುತ್ತದಾ? (ಓದುಗರು, ಹೆತ್ತೂರು, ಸಕಲೇಶಪುರ ತಾಲ್ಲೂಕು)

ಸಾಕಾಗುವುದಿಲ್ಲ ಅಮ್ಮ. ಮರಿ ಸಾಯುತ್ತಿರುವಾಗ ಅರಿಶಿನ ನಂಬಿಕೊಂಡು ಕೂರಬೇಡಿ. ನೀವು ಬರೆದಿದ್ದನ್ನು ನೋಡಿದರೆ ಇದು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಮೂರು ವಾರದಿಂದ ಆರು ವಾರದ ಒಳಗಿನ ಮರಿಗಳಿಗೆ ಇದರ ಕಾಟ ಜಾಸ್ತಿ. ಈಗ ಸತ್ತ ಮರಿ ಇದ್ದರೆ ಕವರಿನಲ್ಲಿ ಹಾಕಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಕೊಯ್ದು ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಕೋಳಿಯ ಕರುಳಿನ ಕೊನೆಯಲ್ಲಿ ಎರಡು ಉದ್ದನೆಯ ಚೀಲಗಳಿವೆ. ಈ ರೋಗದಲ್ಲಿ ಆ ಎರಡೂ ಚೀಲ ಊದಿಕೊಂಡು ಕಪ್ಪುಗೆಂಪಾಗಿರುತ್ತವೆ. ಕತ್ತರಿಯಿಂದ ಸೀಳಿದರೆ ಒಳಗೆ ಬರೀ ರಕ್ತ, ಹೆಪ್ಪುಗಟ್ಟಿದ ಗಡ್ಡೆ. ಮಲೆನಾಡಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ, ಜೂನ್ ಕಳೆದು ಆಗಸ್ಟ್ ಮುಗಿಯುವ ತನಕ, ಇಂಥ ಮರಿಗಳನ್ನು ನನ್ನ ಮೇಜಿನ ಮೇಲೆ ತಂದಿಡದ ವಾರವೇ ಇರಲಿಲ್ಲ.

ಡಾಕ್ಟರು ಬಹುಶಃ ಆಂಪ್ರೋಲಿಯಂ ಪುಡಿ ಬರೆದುಕೊಡುತ್ತಾರೆ. ಅದನ್ನು ಕುಡಿಯುವ ನೀರಿಗೇ ಹಾಕಬೇಕು. ಯಾಕೆ ಅಂದರೆ ಕಾಯಿಲೆ ಬಿದ್ದ ಮರಿ ಮೇವು ಬಿಡುತ್ತದೆ, ಆದರೆ ನೀರು ಕುಡಿಯುತ್ತದೆ. ಈ ಒಂದು ವಿಷಯ ದಯವಿಟ್ಟು ಗಮನಿಸಿ. ನೀವು ಎಷ್ಟೇ ಒಳ್ಳೆ ಅರಿಶಿನವನ್ನು ಮೇವಿಗೆ ಕಲಸಿದರೂ, ಅದನ್ನು ತಿನ್ನುವುದು ಆರೋಗ್ಯವಾಗಿರುವ ಮರಿ. ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುವ ಮರಿಯ ಹೊಟ್ಟೆಗೆ ಅದು ಹೋಗುವುದೇ ಇಲ್ಲ.

ಇನ್ನೊಂದು ಮಾತು. ಆಂಪ್ರೋಲಿಯಂ ಕೊಡುವ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬೇಡಿ. ಈ ಔಷಧಿಯ ರಚನೆ ಬಿ1 ವಿಟಮಿನ್ನಿನ ಥರವೇ ಇರುತ್ತದೆ. ಮರಿಯ ಕರುಳಲ್ಲಿ ರೋಗ ತರುವ ಪರೋಪಜೀವಿ ಅದನ್ನೇ ವಿಟಮಿನ್ ಅಂದುಕೊಂಡು ತೆಗೆದುಕೊಂಡು ಸೊರಗುತ್ತದೆ. ನೀವು ಪಕ್ಕದಲ್ಲೇ ನಿಜವಾದ ವಿಟಮಿನ್ ಕೊಟ್ಟರೆ ಔಷಧಿಯ ಕೆಲಸ ಕೆಡುತ್ತದೆ. ಟಾನಿಕ್ ಆಮೇಲೆ ಕೊಡಿ. ಮರಿ ಮಂಕಾಯಿತು ಅಂತ ಎರಡನ್ನೂ ಒಟ್ಟಿಗೆ ಕೊಡುವವರು ಬಹಳ ಜನ ಇದ್ದಾರೆ.

ಈಗ ನೆಲಕ್ಕೆ ಬನ್ನಿ. ಈ ರೋಗ ತರುವುದು ಐಮೀರಿಯಾ ಅನ್ನುವ ಕಣ್ಣಿಗೆ ಕಾಣದ ಜೀವಿ. ಕೋಳಿಗೆ ತಗಲುವ ಅದರ ಮುಖ್ಯ ಜಾತಿಗಳು ಏಳು. ರಕ್ತ ಬರಿಸುವುದರಲ್ಲಿ ಮುಖ್ಯವಾದದ್ದು ಐಮೀರಿಯಾ ಟೆನೆಲ್ಲಾ. ಅದರ ಮೊಟ್ಟೆಗಳು ಹಿಕ್ಕೆಯಲ್ಲಿ ಹೊರಗೆ ಬರುತ್ತವೆ. ಬಂದ ತಕ್ಷಣ ಅವು ರೋಗ ತರುವುದಿಲ್ಲ. ತೇವ, ಬೆಚ್ಚಗೆ, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತವೆ. ಆಮೇಲೆ ಯಾವ ಮರಿ ನೆಲಕ್ಕೆ ಹರಡಿದ ಹೊಟ್ಟಿನ ಹಾಸು ಕೆದಕಿ ತಿಂದರೂ ರೋಗ. ಸುಮಾರು ಒಂದು ವಾರದಲ್ಲಿ ಆ ಮರಿಯಿಂದ ಲಕ್ಷಗಟ್ಟಲೆ ಹೊಸ ಮೊಟ್ಟೆ ಹೊರಗೆ ಬೀಳುತ್ತವೆ. ಹಾಗಾಗಿ ನಿಮ್ಮ ಕೈಯಲ್ಲಿರುವ ದೊಡ್ಡ ಔಷಧಿ ಅಂದರೆ ಒಣ ನೆಲ. ಹಾಸನ್ನು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ, ಕೈ ಬಿಡಿ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ ಆಗಿದೆ. ನೀರಿನ ಬಟ್ಟಲಿನ ಸುತ್ತ ಒಂದು ಮೊಳ ಜಾಗ ಯಾವಾಗಲೂ ಒದ್ದೆ ಇರುತ್ತದೆ ನೋಡಿ, ರೋಗ ಶುರುವಾಗುವುದು ಅಲ್ಲೇ. ಅಲ್ಲಿನ ಹಾಸನ್ನು ದಿನಾ ಕೆರೆದು ತೆಗೆದು ಒಣ ಭತ್ತದ ಹೊಟ್ಟು ಹಾಕಿ. ಬಟ್ಟಲನ್ನು ಇಟ್ಟಿಗೆ ಮೇಲಿಟ್ಟು ಮರಿಯ ಬೆನ್ನಿನ ಎತ್ತರಕ್ಕೆ ತನ್ನಿ. ಗಾಳಿ ಬರುವ ಕಡೆ ಪೂರ್ತಿ ಟಾರ್ಪಾಲು ಮುಚ್ಚಬೇಡಿ, ಮೇಲೆ ಒಂದಡಿ ಬಿಡಿ. ಫಿನಾಯಿಲ್ ಎರಚಿದರೆ ಈ ಮೊಟ್ಟೆಗಳು ಸಾಯುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಹಾಗಾದರೆ ಅರಿಶಿನ, ಬೆಳ್ಳುಳ್ಳಿ ಸುಳ್ಳಾ? ಖಂಡಿತಾ ಅಲ್ಲ. ಅರಿಶಿನದ ಕರ್ಕ್ಯುಮಿನ್ ಕರುಳಿನ ಉರಿಯೂತ ತಗ್ಗಿಸುತ್ತದೆ. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಕರುಳಲ್ಲೇ ಉಳಿಯುತ್ತದೆ. ನಮಗೆ ಬೇಕಾದದ್ದೂ ಅಲ್ಲೇ ತಾನೆ? ಬೆಳ್ಳುಳ್ಳಿ, ಅರಿಶಿನ ತಿನ್ನಿಸಿದ ಮರಿಗಳ ಹಿಕ್ಕೆಯಲ್ಲಿ ಪರೋಪಜೀವಿಯ ಮೊಟ್ಟೆ ಕಡಿಮೆಯಾದದ್ದು, ತೂಕ ಅಷ್ಟಾಗಿ ಇಳಿಯದೇ ಇದ್ದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಔಷಧಿ ಕೊಟ್ಟ ಗುಂಪಿಗೆ ಸರಿಸಾಟಿಯಾಗುವುದು ಕಷ್ಟ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ರೋಗ ಬರುವ ಮುಂಚೆ ಮತ್ತು ರೋಗ ಇಳಿದ ಮೇಲೆ ಇವನ್ನು ಕೊಡಿ. ಮಧ್ಯದ ಆ ಐದಾರು ದಿನ ಔಷಧಿಗೆ ಬಿಡಿ.

ಅಳತೆ ಹೇಳುತ್ತೇನೆ. ಒಂದು ಕೆಜಿ ಮೇವಿಗೆ 5 ಗ್ರಾಂ ಅರಿಶಿನ ಪುಡಿ, 5 ಗ್ರಾಂ ಬೆಳ್ಳುಳ್ಳಿ. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಹಾಗೇ ಬಿಡಿ, ಆಮೇಲೆ ಕಲಸಿ. ಕೆಲಸ ಮಾಡುವ ಅಲ್ಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದಾಗಲೇ ಹುಟ್ಟುತ್ತದೆ. ಬೇಯಿಸಿದರೆ ಹುಟ್ಟುವುದೇ ಇಲ್ಲ. ಒಂದು ಹೊತ್ತಿಗೆ ಎಷ್ಟು ತಿನ್ನುತ್ತವೋ ಅಷ್ಟೇ ಕಲಸಿ. ಒಳ್ಳೆಯದು ಅಂತ ಬೆಳ್ಳುಳ್ಳಿಯನ್ನು ಹಿಡಿ ಹಿಡಿ ಸುರಿದರೆ ಕೋಳಿಯ ರಕ್ತಕ್ಕೇ ಕೆಡುಕು.

ಬದುಕಿ ಉಳಿದ ಮರಿಗಳಿಗೆ ಆ ಜಾತಿಯ ರೋಗಕ್ಕೆ ತಡೆಯುವ ಶಕ್ತಿ ಬರುತ್ತದೆ. ಆದರೆ ಮೊಟ್ಟೆಗಳನ್ನು ಅವು ಹೊರಹಾಕುತ್ತಲೇ ಇರಬಹುದು. ಮುಂದಿನ ಸಲ ಹೊಸ ಮರಿ ತಂದಾಗ ಇವುಗಳ ಜೊತೆ ಬಿಡಬೇಡಿ. ಹಳೆ ಹಾಸಿನ ಮೇಲಂತೂ ಬೇಡವೇ ಬೇಡ.

ಪ್ರಶ್ನೆ: ಮೇಡಂ, ಸಾವಿರದ ಐನೂರು ಬ್ರಾಯ್ಲರ್ ಸಾಕುತ್ತೇನೆ. ‘ಇದು ಪೂರ್ತಿ ಹರ್ಬಲ್, ಆಂಟಿಬಯಾಟಿಕ್ ಬದಲು ಇದನ್ನು ಹಾಕಿ, ಬೆಳವಣಿಗೆ ನೋಡಿ’ ಎಂದು ಒಬ್ಬರು ಒಂದು ದ್ರಾವಣ ಕೊಟ್ಟುಹೋಗಿದ್ದಾರೆ. ನಂಬಬಹುದಾ? (ಓದುಗರು, ಕಡೂರು)

ನಂಬುವ ಅಗತ್ಯವೇ ಇಲ್ಲ, ನಿಮ್ಮ ಶೆಡ್ಡಿನಲ್ಲೇ ಪರೀಕ್ಷೆ ಮಾಡಬಹುದು. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಬೆಳವಣಿಗೆಗೆ ಅಂತ ದಿನಾ ಮೇವಿನಲ್ಲಿ ಸ್ವಲ್ಪ ಸ್ವಲ್ಪ ಆಂಟಿಬಯಾಟಿಕ್ ಹಾಕುವ ಪದ್ಧತಿ ಹಳೆಯದು. ಅದರಿಂದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುತ್ತವೆ, ನಾಳೆ ನಮ್ಮ ಮಕ್ಕಳಿಗೆ ಜ್ವರ ಬಂದಾಗ ಔಷಧಿ ನಾಟುವುದಿಲ್ಲ. ಸ್ವೀಡನ್ 1986ರಲ್ಲೇ ಇದನ್ನು ನಿಲ್ಲಿಸಿತು. ಯುರೋಪಿನ ಒಕ್ಕೂಟ 2006ರ ಜನವರಿಯಿಂದ ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಕೊಲಿಸ್ಟಿನ್ ಅನ್ನುವ ಔಷಧಿಯನ್ನು ಕೋಳಿ, ದನಗಳಿಗೆ ಬಳಸಬಾರದು ಅಂತ 2019ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಹೀಗೆ ಬಾಗಿಲು ಮುಚ್ಚುತ್ತಾ ಬಂದಂತೆ ಗಿಡಮೂಲದ ಪದಾರ್ಥಗಳಿಗೆ ಬೇಡಿಕೆ ಬಂತು. ಆಂಟಿಬಯಾಟಿಕ್ ಬಿಡಬೇಕು ಅನ್ನುವ ನಿಮ್ಮ ಮನಸ್ಸು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ಆದರೆ ‘ಹರ್ಬಲ್’ ಅನ್ನುವ ಮಾತಿಗೆ ಅಳತೆ ಇಲ್ಲ. ಬಾಟಲಿ ತಿರುಗಿಸಿ ನೋಡಿ. ಯಾವ ಗಿಡ, ಅದರ ಯಾವ ಅಂಶ, ಎಷ್ಟು ಪ್ರಮಾಣ ಅಂತ ಬರೆದಿದೆಯಾ? ಓರೆಗಾನೋದ ಕಾರ್ವಾಕ್ರಾಲ್, ಓಮದ ಥೈಮಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಇವೆಲ್ಲ ಕೆಲಸ ಮಾಡುವ ಅಂಶಗಳೇ. ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಇವು ಹಾಳು ಮಾಡುತ್ತವೆ, ಜೀರ್ಣರಸ ಚೆನ್ನಾಗಿ ಸುರಿಯುವಂತೆ ಮಾಡುತ್ತವೆ. ಆದರೆ ಒಂದೇ ಗಿಡದಲ್ಲೂ ಮಣ್ಣು, ಕೊಯ್ಲಿನ ಕಾಲ ನೋಡಿಕೊಂಡು ಈ ಅಂಶ ಏರುಪೇರಾಗುತ್ತದೆ. ಪ್ರಮಾಣ ಬರೆಯದ ಬಾಟಲಿಯನ್ನು ವಾಪಸ್ ಕೊಡಿ.

ಬರೆದಿದ್ದರೆ ಪರೀಕ್ಷೆ ಮಾಡಿ. ಒಂದೇ ಬ್ಯಾಚಿನ ಮರಿಗಳನ್ನು ಶೆಡ್ಡಿನ ನಡುವೆ ಬಲೆ ಕಟ್ಟಿ ಎರಡು ಭಾಗ ಮಾಡಿ. ಮೇವು, ಬೆಳಕು, ಜಾಗ ಎಲ್ಲ ಒಂದೇ ಇರಲಿ. ಒಂದು ಕಡೆಗೆ ಮಾತ್ರ ದ್ರಾವಣ. ಎರಡೂ ಕಡೆ ಹಾಕಿದ ಮೇವನ್ನು ತೂಕ ಮಾಡಿ ಬರೆದಿಡಿ, ಸತ್ತದ್ದನ್ನೂ ಬರೆದಿಡಿ. ವಾರಕ್ಕೊಮ್ಮೆ ಬೆಳಗ್ಗೆ ಮೇವು ಹಾಕುವ ಮುಂಚೆ ಎರಡೂ ಕಡೆಯಿಂದ ಐವತ್ತೈವತ್ತು ಕೋಳಿ ತೂಗಿ. ಮಾರುವ ದಿನ ಲೆಕ್ಕ ಹಾಕಿ: ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಮೇವು ಹೋಯಿತು? ಒಳ್ಳೆ ಸಾಕಣೆಯಲ್ಲಿ ಬ್ರಾಯ್ಲರ್‌ಗೆ ಅದು 1.6, 1.7ರ ಆಸುಪಾಸು ಇರುತ್ತದೆ. ದ್ರಾವಣದ ಕಡೆ ಉಳಿದ ಮೇವಿನ ದುಡ್ಡು ಬಾಟಲಿಯ ಬೆಲೆಗಿಂತ ಜಾಸ್ತಿ ಇದ್ದರೆ ಇಟ್ಟುಕೊಳ್ಳಿ. ಇನ್ನೊಂದು: ಕಂಪನಿ ಒಪ್ಪಂದದಲ್ಲಿ ಸಾಕುತ್ತಿದ್ದರೆ ಅವರನ್ನು ಕೇಳದೆ ಏನನ್ನೂ ಬೆರೆಸಬೇಡಿ. ಅವರ ಮೇವಿನಲ್ಲಿ ಆಗಲೇ ಏನೇನು ಸೇರಿದೆಯೋ ನೋಡಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ಅಜ್ಜ ನಾಟಿಕೋಳಿಗೆ ಹುಳು ಆದರೆ ಅಡಿಕೆ ಪುಡಿ ತಿನ್ನಿಸುತ್ತಿದ್ದರು. ತೋಟದಲ್ಲಿ ಅಡಿಕೆಗೆ ಬರವಿಲ್ಲ. ಎಷ್ಟು ಕೊಡಬಹುದು? (ಓದುಗರು, ಕೊಪ್ಪ)

ಕೊಡಲೇಬೇಡಿ. ನಿಮ್ಮ ಅಜ್ಜನ ಮಾತಿಗೆ ಆಧಾರ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಅಡಿಕೆಯಲ್ಲಿ ಅರೆಕೋಲಿನ್ ಇದೆ. ಅದು ಲಾಡಿ ಹುಳುವನ್ನು ಸಡಿಲಿಸುತ್ತದೆ, ಕರುಳನ್ನು ಜೋರಾಗಿ ಹಿಂಡಿ ಹೊರಗೆ ತಳ್ಳುತ್ತದೆ. ಹಿಂದೆ ನಾಯಿಗಳ ಲಾಡಿ ಹುಳುವಿಗೆ ಪಶುವೈದ್ಯರೇ ಅರೆಕೋಲಿನ್ ಕೊಡುತ್ತಿದ್ದರು. ಆದರೆ ಹುಳು ಬೀಳಿಸುವ ಪ್ರಮಾಣಕ್ಕೂ ಪ್ರಾಣಿಯನ್ನೇ ಬೀಳಿಸುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಅದಕ್ಕೇ ಒಳ್ಳೆಯ ಔಷಧಿಗಳು ಬಂದ ಮೇಲೆ ಅದನ್ನು ಬಿಟ್ಟರು. ಒಂದೂವರೆ ಕೆಜಿ ತೂಗುವ ಹ್ಯಾಟೆಗೆ ಕಣ್ಣಳತೆಯಲ್ಲಿ ಅಡಿಕೆ ಪುಡಿ ಕೊಡುವುದು ಅಪಾಯ.

ಮೊದಲು ಯಾವ ಹುಳು ಅಂತ ನೋಡಿ. ಬೆಳಗ್ಗೆ ಗೂಡು ತೆಗೆದಾಗ ಹೊಸ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ. ಅಕ್ಕಿ ಕಾಳಿನಂಥ ಬಿಳಿ ತುಣುಕು ಕಂಡರೆ ಲಾಡಿ ಹುಳು. ಬೆರಳುದ್ದದ ಬಿಳಿ ಹುಳು ಬಿದ್ದರೆ ಅದು ಜಂತುಹುಳು, ಅಸ್ಕಾರಿಡಿಯಾ. ಎರಡಕ್ಕೂ ಔಷಧಿ ಬೇರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪೈಪರಜಿನ್ ಜಂತುಹುಳುವಿಗೆ ಸರಿ, ಲಾಡಿ ಹುಳುವಿಗೆ ನಾಟುವುದಿಲ್ಲ. ಏನೂ ಕಾಣದಿದ್ದರೆ ಒಂದು ಚಿಕ್ಕ ಡಬ್ಬಿಯಲ್ಲಿ ಹೊಸ ಹಿಕ್ಕೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ.

ಗಿಡಮೂಲಿಕೆಯೇ ಬೇಕು ಅಂದರೆ ಕುಂಬಳದ ಬೀಜ, ಪಪ್ಪಾಯಿ ಬೀಜ ಇವೆ. ಸಿಹಿಗುಂಬಳದ ಬೀಜದಲ್ಲಿ ಕುಕುರ್ಬಿಟಿನ್, ಪಪ್ಪಾಯಿ ಬೀಜದಲ್ಲಿ ಬೆಂಜೈಲ್ ಐಸೋಥಯೋಸಯನೇಟ್ ಅನ್ನುವ ಖಾರದ ಅಂಶ. ಒಣಗಿಸಿ ಪುಡಿ ಮಾಡಿ ಮೇವಿಗೆ ಸ್ವಲ್ಪ ಬೆರೆಸಬಹುದು. ಹುಳು ಕಡಿಮೆ ಇದ್ದಾಗ ಹತೋಟಿಗೆ ಸಹಾಯ ಆಗುತ್ತದೆ. ಎದೆಮೂಳೆ ಚೂಪಾಗಿ ಕೈಗೆ ಸಿಗುವಷ್ಟು ಕೋಳಿ ಬಡಕಲಾಗಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ, ಔಷಧಿ ಹಾಕಿಸಿ.

ಲಾಡಿ ಹುಳು ಕೋಳಿಯಿಂದ ಕೋಳಿಗೆ ನೇರ ಬರುವುದಿಲ್ಲ. ನಡುವೆ ಇರುವೆ, ಜೀರುಂಡೆ, ಬಸವನಹುಳು ಬೇಕು. ಅವನ್ನು ತಿಂದಾಗ ಕೋಳಿಗೆ ದಾಟುತ್ತದೆ. ಮಳೆಗಾಲದ ಅಡಿಕೆ ತೋಟದಲ್ಲಿ ಅವಕ್ಕೇನು ಕಡಿಮೆ? ತೋಟಕ್ಕೆ ಬಿಡಬೇಡಿ ಅಂತ ನಾನು ಹೇಳುವುದಿಲ್ಲ, ನಾಟಿಕೋಳಿಯ ಚಂದವೇ ಅದು. ಮೂರು ತಿಂಗಳಿಗೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ ಅಷ್ಟೇ.

ಪ್ರಶ್ನೆ: ದೊಡ್ಡಪತ್ರೆ ಸೊಪ್ಪು ಕೋಳಿಗೆ ಒಳ್ಳೆಯದಾ? (ಓದುಗರು, ಹೊಳೆನರಸೀಪುರ)

ಒಳ್ಳೆಯದು. ಆಗಲೇ ಹೇಳಿದ ಕಾರ್ವಾಕ್ರಾಲ್, ಥೈಮಾಲ್ ದೊಡ್ಡಪತ್ರೆಯಲ್ಲೂ ಇವೆ, ಆ ಘಮ ಅವುಗಳದ್ದೇ. ಹೊರದೇಶದ ಓರೆಗಾನೋ ಎಣ್ಣೆ ಹುಡುಕುವವರು ಹಿತ್ತಿಲಿನ ಈ ಗಿಡವನ್ನು ನೋಡಬೇಕು. ಹಸಿ ಎಲೆಯನ್ನು ಸಣ್ಣಗೆ ಹೆಚ್ಚಿ ಮೇವಿಗೆ ಹಾಕಿ, ಹತ್ತು ಕೋಳಿಗೆ ಐದಾರು ಎಲೆ. ಕುದಿಸಿದರೆ ಘಮವೆಲ್ಲ ಆವಿಯಾಗಿ ಹೋಗುತ್ತದೆ. ನೀರಿಗೆ ಹಾಕಿ ದಿನಗಟ್ಟಲೆ ಬಿಡಬೇಡಿ, ಎಲೆ ಕೊಳೆತು ನೀರು ಕೆಡುತ್ತದೆ.

ಪ್ರಶ್ನೆ: ಕೊಕ್ಕರೆ ರೋಗಕ್ಕೆ ನೆಲಬೇವಿನ ಕಷಾಯ ಕೊಟ್ಟರೆ ಲಸಿಕೆ ಬೇಡ ಅನ್ನುತ್ತಾರೆ. ನಿಜವಾ? (ಓದುಗರು, ಬೇಲೂರು)

ನಿಜ ಅಲ್ಲ. ರಾಣಿಖೇತ್ ಅಂದರೆ ಈ ಕೊಕ್ಕರೆ ರೋಗ ವೈರಸ್ಸಿನಿಂದ ಬರುವಂಥದ್ದು. ಬಂದ ಮೇಲೆ ಯಾವ ಔಷಧಿಯೂ ಇಲ್ಲ, ಯಾವ ಕಷಾಯವೂ ಇಲ್ಲ. ಮರಿಗೆ ಐದರಿಂದ ಏಳನೇ ದಿನದೊಳಗೆ ಎಫ್1 ಅಥವಾ ಲಸೋಟಾ ಲಸಿಕೆಯ ಹನಿ, ನಾಲ್ಕನೇ ವಾರ ಇನ್ನೊಮ್ಮೆ ಲಸೋಟಾ, ಎಂಟನೇ ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಊರಿನ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಬಾಟಲಿ ವ್ಯರ್ಥ ಆಗುವುದಿಲ್ಲ. ಮನೆಗೇ ಪಶುವೈದ್ಯರ ಸಹಾಯ ಬೇಕಿದ್ದರೆ 1962ಕ್ಕೆ ಕರೆ ಮಾಡಿ.

ಪ್ರಶ್ನೆ: ಕಾವಿಗೆ ಕೂತ ಹ್ಯಾಟೆ ರಾತ್ರಿ ಮೊಟ್ಟೆ ಬಿಟ್ಟು ಎದ್ದು ಬರುತ್ತದೆ. ಗೂಡಿಗೆ ಕೈ ಹಾಕಿದರೆ ನಮಗೂ ಮೈಯೆಲ್ಲ ತುರಿಕೆ. ಮೇವಿಗೆ ಬೇವಿನ ಸೊಪ್ಪು ಹಾಕುತ್ತಿದ್ದೇನೆ, ಪ್ರಯೋಜನ ಇಲ್ಲ. (ಓದುಗರು, ಮೂಡಿಗೆರೆ)

ಮೇವಿನ ಬೇವು ಮೈಮೇಲಿನ ಹುಳುವಿಗೆ ಮುಟ್ಟುವುದಿಲ್ಲ. ಜಾಸ್ತಿ ಹಾಕಿದರೆ ಕಹಿಗೆ ಕೋಳಿ ಮೇವನ್ನೇ ಬಿಡುತ್ತದೆ. ನಿಲ್ಲಿಸಿ.

ಇದು ರಕ್ತ ಹೀರುವ ಕೆಂಪು ನುಸಿ ಇರಬೇಕು. ಹಗಲೆಲ್ಲ ಗೂಡಿನ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಕೋಳಿಯ ಮೈ ಹತ್ತುತ್ತದೆ. ಅದಕ್ಕೇ ಹಗಲು ಕೋಳಿ ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ. ಕೋಳಿ ಕೂರುವ ಬಿದಿರಿನ ಗಂಟು, ಹಲಗೆಯ ಸಂದು, ಮೊಳೆ ಹೊಡೆದ ಜಾಗ ನೋಡಿ. ಬಿಳಿ ಕಾಗದ ಒತ್ತಿ ಉಜ್ಜಿದರೆ ಕೆಂಪು ಗೆರೆ ಮೂಡುತ್ತದೆ, ಅದು ನಿಮ್ಮ ಹ್ಯಾಟೆಯ ರಕ್ತ.

ಬೇವಿಗೆ ಇಲ್ಲಿ ಕೆಲಸ ಇದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಬೇವಿನ ಎಣ್ಣೆ, ಕರಗಿಸಿದ ಸೋಪು ಸ್ವಲ್ಪ. ಸೋಪು ಇಲ್ಲದಿದ್ದರೆ ಎಣ್ಣೆ ಮೇಲೇ ತೇಲುತ್ತದೆ. ಕೋಳಿಗಳನ್ನು ಹೊರಗೆ ಬಿಟ್ಟು, ಪ್ರತಿ ಸಂದಿಗೂ ನೆನೆಯುವ ಹಾಗೆ ಸಿಂಪಡಿಸಿ, ಒಣಗಿದ ಮೇಲೆ ಒಳಗೆ ಬಿಡಿ. ನಾಲ್ಕೈದು ದಿನ ಬಿಟ್ಟು ಮತ್ತೆ ಮಾಡಿ, ಯಾಕೆಂದರೆ ಮೊಟ್ಟೆ ಒಡೆದು ಹೊಸವು ಬಂದಿರುತ್ತವೆ. ಗೂಡಿನ ಹಳೆ ಹುಲ್ಲು ಸುಟ್ಟುಬಿಡಿ. ಗಂಟು ಸೀಳಿದ ಬಿದಿರು ತೆಗೆದು ನುಣುಪಾದ ಗಳ ಹಾಕಿ. ಮಳೆ ಬೀಳದ ಕಡೆ ಒಂದು ಮಂಕರಿಯಲ್ಲಿ ಒಲೆ ಬೂದಿ, ಒಣ ಮಣ್ಣು ಬೆರೆಸಿ ಇಟ್ಟರೆ ಕೋಳಿಗಳೇ ಹೊರಳಾಡುತ್ತವೆ, ಹೇನಿಗೆ ಅದು ಒಳ್ಳೆಯದು.

ಪತ್ರದ ಕೊನೆಯಲ್ಲಿ ಕಾಫಿ ಸಿಪ್ಪೆ ಮೇವಿಗೆ ಹಾಕಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಕೆಫೀನ್ ಮತ್ತು ಒಗರಿನ ಟ್ಯಾನಿನ್ ಎರಡೂ ಬೆಳವಣಿಗೆ ತಗ್ಗಿಸುತ್ತವೆ. ತಿಪ್ಪೆಗೆ ಹಾಕಿ, ಒಳ್ಳೆ ಗೊಬ್ಬರ.

ಪ್ರಶ್ನೆ: ಮುಸುಕಿನ ಜೋಳ, ರಾಗಿ ಎರಡೂ ಹೊಲದ್ದೇ. ಜೊತೆಗೆ ಅರಿಶಿನ, ನೆಲ್ಲಿಪುಡಿ, ನುಗ್ಗೆಸೊಪ್ಪು ಎಲ್ಲ ಕೊಡುತ್ತೇನೆ. ಹುಳುವಿನ ಔಷಧಿಯೂ ಆಗಿದೆ. ಆದರೂ ಕೋಳಿ ಬೆಳೆಯುತ್ತಿಲ್ಲ. (ಓದುಗರು, ಜಾವಗಲ್)

ನೀವು ಒಗ್ಗರಣೆ ಚೆನ್ನಾಗಿ ಹಾಕಿದ್ದೀರಿ, ಬೇಳೆ ಹಾಕಿಲ್ಲ. ಜೋಳದಲ್ಲಿ ಪ್ರೋಟೀನ್ ಶೇ. 9ರಷ್ಟು, ರಾಗಿಯಲ್ಲಿ ಶೇ. 7ರಷ್ಟು. ಬೆಳೆಯುವ ಕೋಳಿಗೆ ಬೇಕಾದದ್ದು ಅದರ ಎರಡರಷ್ಟು. ಯಾವ ಗಿಡಮೂಲಿಕೆಯೂ ಆ ಕೊರತೆ ತುಂಬುವುದಿಲ್ಲ. ಒಣಗಿದ ನುಗ್ಗೆಸೊಪ್ಪಿನಲ್ಲಿ ಶೇ. 25ರ ಮೇಲೆ ಪ್ರೋಟೀನ್ ಇದೆ ನಿಜ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಹತ್ತು ಕೆಜಿಗೆ ಅರ್ಧ ಕೆಜಿ ಮೀರದಂತೆ ಹಾಕಿ, ಮೊಟ್ಟೆಯ ಭಂಡಾರಕ್ಕೂ ಒಳ್ಳೆ ಬಣ್ಣ ಬರುತ್ತದೆ.

ಹತ್ತು ಕೆಜಿ ಮೇವಿಗೆ ಹೀಗೆ ಮಾಡಿ ನೋಡಿ. ಒಡೆದ ಜೋಳ ಆರೂವರೆ ಕೆಜಿ, ಸೋಯಾ ಹಿಂಡಿ ಎರಡು ಕೆಜಿ, ಕಡ್ಲೆಕಾಯಿ ಹಿಂಡಿ ಒಂದು ಕೆಜಿ. ಉಳಿದ ಅರ್ಧ ಕೆಜಿಯಲ್ಲಿ ಕೋಳಿಗೆಂದೇ ಬರುವ ಖನಿಜ ಮಿಶ್ರಣ 200 ಗ್ರಾಂ, ಉಪ್ಪು 30 ಗ್ರಾಂ, ಮಿಕ್ಕಿದ್ದು ನುಗ್ಗೆ ಪುಡಿ ಅಥವಾ ತೌಡು. ಪ್ರೋಟೀನ್ ಶೇ. 18, 19ರ ಹತ್ತಿರ ಬರುತ್ತದೆ. ಖನಿಜ ಮಿಶ್ರಣದಲ್ಲಿ ಉಪ್ಪು ಮೊದಲೇ ಸೇರಿದ್ದರೆ ಬೇರೆ ಹಾಕಬೇಡಿ. ಅರಿಶಿನ 50 ಗ್ರಾಂ ಇರಲಿ, ನೆಲ್ಲಿಪುಡಿಯೂ ಸ್ವಲ್ಪ ಇರಲಿ, ಬೇಸಿಗೆಯ ಸೆಖೆಗೆ ಒಳ್ಳೆಯದು.

ಜೋಳವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹಸಿರು ಬೂಸ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಕೋಳಿಗೆ ಹಾಕಬೇಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ, ಕಾಯಿಲೆಯ ಗುರುತೇ ಇಲ್ಲದೆ ಬೆಳವಣಿಗೆ ನಿಲ್ಲುತ್ತದೆ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಹೊಸ ಜೋಳವನ್ನು ಕಚ್ಚಿದರೆ ಟಕ್ ಅನ್ನುವ ತನಕ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ. ಕಡ್ಲೆಕಾಯಿ ಹಿಂಡಿಗೂ ಇದೇ ಮಾತು, ಅದಕ್ಕೆ ಬೂಸ್ಟು ಇನ್ನೂ ಬೇಗ.

ಹೊಸ ಮೇವು ಶುರು ಮಾಡುವ ದಿನ ನಾಲ್ಕೈದು ಕೋಳಿಯ ಕಾಲಿಗೆ ಬಣ್ಣದ ದಾರ ಕಟ್ಟಿ ತೂಕ ಬರೆದಿಡಿ. ಒಂದು ತಿಂಗಳು ಬಿಟ್ಟು ಅವನ್ನೇ ತೂಗಿ, ಎರಡೂ ಲೆಕ್ಕ ನನಗೆ ಕಳಿಸಿ.